ಬೀಜಗಣಿತದ ಹಂತಗಳೂ ‘ಏಕೆ’ ಎಂಬ ಪ್ರಶ್ನೆಯೂ

ಕನ್ನಡ ಪಂಡಿತನಾದವನು ಗಣಿತದ ವಿಷಯದಲ್ಲಿ ಬಾಯಿ ಹಾಕುವುದು ಅಧಿಕಪ್ರಸಂಗವೆಂದು ತೋರಬಹುದು. ಸಂಪಾದಕ ಮಂಡಲಿಯವರು ನನ್ನಿಂದ ಅಪೇಕ್ಷಿಸಿದ್ದು ಹಳಗನ್ನಡ ವ್ಯಾಕರಣವನ್ನು ಕುರಿತ ಲೇಖನವನ್ನು. ಅದನ್ನು ಬರೆಯಲು ಕುಳಿತವನ ಮನಸ್ಸು ಮಾತ್ರ ಕಳೆದ ಚಳಿಗಾಲದ ಒಂದು ಸಂಜೆಯ ಕಡೆಗೇ ಎಳೆಯುತ್ತಿದ್ದುದರಿಂದ, ಅದನ್ನು ಹೇಳಿ ಮುಗಿಸದೆ ಬೇರೊಂದನ್ನು ಬರೆಯಲಾರೆನೆನಿಸಿತು. ವಾಚಕರು, ಅವರಲ್ಲಿಯೂ ನಮ್ಮ ಗಣಿತಾಧ್ಯಾಪಕ ಮಿತ್ರರು, ಮನ್ನಿಸಬೇಕು.

ಆ ದಿನ ವಿದ್ಯಾರ್ಥಿ ನಿಲಯದ ಸಂಜೆಯ ಅಭ್ಯಾಸದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಗಣಿತದ ಗುರುಗಳು ಊರಿಗೆ ಹೋಗಿದ್ದರು. ಹತ್ತನೆಯ ತರಗತಿಯ ಹುಡುಗನೊಬ್ಬ ನೋಟ್‌ಬುಕ್ಕನ್ನು ಮುಂದಿಟ್ಟುಕೊಂಡು ಬಹಳ ಹೊತ್ತಿನಿಂದ ಸುಮ್ಮನೆ ಕುಳಿತಿದ್ದ. ಹತ್ತಿರ ಹೋಗಿ ನೋಡಿದೆ. ಅಜ್ಞಾತ ಸಂಖ್ಯೆಗೆ ನಮ್ಮ ಪ್ರಾಚೀನರು ‘ಯಾವತ್ತಾವತ್’ ಎಂದು ಹೆಸರಿಟ್ಟು, ಅದರ ಮೊದಲಕ್ಷರವಾದ ‘ಯಾ’ ಎಂಬುದರಿಂದ ಸೂಚಿಸುತ್ತಿದ್ದರು. ಈ ಲೇಖನದಲ್ಲಿ ನಾನೂ ಹಾಗೆಯೇ ಬರೆಯುತ್ತೇನೆ. ಹುಡುಗನ ಲೆಕ್ಕ ಹೀಗಿತ್ತು:

5ಯಾ − 7 = 2ಯಾ + 8
5ಯಾ − 2ಯಾ = 8 + 7
3ಯಾ = 15
ಯಾ = 15 − 3 = 12

ಪುಸ್ತಕದ ಕೊನೆಯಲ್ಲಿ ಕೊಟ್ಟ ಉತ್ತರ 5. ತನ್ನದು 12 ಏಕಾಯಿತೆಂಬುದು ಅವನಿಗೆ ತಿಳಿಯದು. ನಾನು ಕೇಳಿದೆ: “ಮೂರು ಯಾಕ ಕಳದಿಯಪ್ಪಾ?” ಅವನೆಂದ: “ಆ ಕಡಿಗಿ ಹೋತಲ್ರೀ ಸರ್, ಚಿಹ್ನೆ ಬದಲಾಗಬೇಕ್ರಿ.” “ಯಾಕ ಬದಲಾಗಬೇಕು?” ಸ್ವಲ್ಪ ಹೊತ್ತು ಯೋಚಿಸಿ, ತಲೆ ತಗ್ಗಿಸಿ, “ಹಂಗ ಬರೀಬೇಕಂತ ಹೇಳ್ಯಾರ್ರಿ” ಎಂದ.

ಈ ಮಾತು ನನ್ನನ್ನು ಚುಚ್ಚಿತು. ಹುಡುಗ ದಡ್ಡನಲ್ಲ. ಮೊದಲ ಮೂರು ಸಾಲುಗಳಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನಾಲ್ಕನೆಯ ಸಾಲಿನಲ್ಲಿ ತಪ್ಪಿದ್ದು ಕೂಡ ತಾನು ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದಲೇ. ‘ಆಚೆ ಹೋದದ್ದರ ಚಿಹ್ನೆ ಬದಲಾಗುತ್ತದೆ’ ಎಂಬ ವಾಕ್ಯ ಅವನ ಬಳಿ ಇತ್ತು. ಆ ವಾಕ್ಯದ ಅರ್ಥ ಇರಲಿಲ್ಲ. ಈ ಕ್ರಿಯೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ‘ಪಕ್ಷಾಂತರ’ವೆಂದು ಹೆಸರು. ಹೆಸರೇನೋ ಚೆನ್ನಾಗಿದೆ. ನಮ್ಮ ರಾಜಕಾರಣದಲ್ಲಿಯೂ ಪಕ್ಷಾಂತರ ಮಾಡಿದವರು ಚಿಹ್ನೆಯನ್ನು ಬದಲಿಸಿಕೊಳ್ಳುವುದನ್ನು ಕಂಡೇ ಇದ್ದೇವೆ. ಆದರೆ ಬೀಜಗಣಿತದಲ್ಲಿ ಯಾವ ಪದವೂ ತಾನಾಗಿ ಎದ್ದು ಆಚೆಗೆ ಹೋಗುವುದಿಲ್ಲ. ಎಡಪಕ್ಷದಲ್ಲಿ 7 ಕಡಿಮೆಯಿದೆ. ಎರಡೂ ಪಕ್ಷಗಳಿಗೆ 7ನ್ನು ಕೂಡುತ್ತೇವೆ. ಎಡಕ್ಕೆ ಕೊರತೆ ತುಂಬಿತು, ಬಲಕ್ಕೆ 7 ಹೆಚ್ಚಾಯಿತು. ಎರಡೂ ಪಕ್ಷಗಳಿಂದ 2ಯಾ ಕಳೆಯುತ್ತೇವೆ. ಬಲದಲ್ಲಿ ಅದು ಇಲ್ಲವಾಯಿತು, ಎಡದಲ್ಲಿ ಅಷ್ಟು ಕಡಿಮೆಯಾಯಿತು. ತಕ್ಕಡಿಯ ಎರಡು ತಟ್ಟೆಗಳಿಗೂ ಒಂದೇ ಉಪಚಾರ. ನಮ್ಮ ಹಳೆಯ ಗಣಿತಜ್ಞರು ಇದನ್ನು ‘ಸಮಶೋಧನ’ವೆಂದರು. ಆ ಹೆಸರಿನೊಳಗೇ ಕಾರಣ ಕುಳಿತಿದೆ. ‘ಪಕ್ಷಾಂತರ’ದಲ್ಲಿ ಕಣ್ಣಿಗೆ ಕಂಡದ್ದು ಮಾತ್ರ ಇದೆ. ಇನ್ನು 3ಯಾ = 15 ಎಂಬಲ್ಲಿ 3 ಕೂಡಿಕೊಂಡು ನಿಂತದ್ದಲ್ಲ, ಗುಣಿಸಿ ನಿಂತದ್ದು. ಮೂರು ಪಾಲು ಸೇರಿ ಹದಿನೈದು. ಒಂದು ಪಾಲು ಎಷ್ಟು? ಹೀಗೆ ಕೇಳಿದ ಕೂಡಲೇ ಹುಡುಗ “ಐದ್ರಿ” ಎಂದ. ಅವನಿಗೆ ಗೊತ್ತಿತ್ತು. ಯಾರೂ ಮಾತಿನಲ್ಲಿ ಕೇಳಿರಲಿಲ್ಲ, ಅಷ್ಟೆ.

ನಾನು ಪಾಠಶಾಲೆಯಲ್ಲಿ ಓದುತ್ತಿದ್ದಾಗ ವ್ಯಾಕರಣ ಹೇಳುತ್ತಿದ್ದ ನಮ್ಮ ಗುರುಗಳು ರೂಪಸಿದ್ಧಿಯನ್ನು ಒಪ್ಪಿಸಿಕೊಳ್ಳುತ್ತಿದ್ದ ಬಗೆ ಆಗ ನೆನಪಾಯಿತು. ‘ರಾಮಃ’ ಎಂಬ ರೂಪವನ್ನು ಸಾಧಿಸು ಎನ್ನುವರು. ರಾಮ ಎಂಬ ಪ್ರಾತಿಪದಿಕಕ್ಕೆ ‘ಸು’ ಪ್ರತ್ಯಯ ಬಂದಿತು ಎನ್ನುವೆ. “ಯಾವ ಸೂತ್ರದಿಂದ?” ಉಕಾರಕ್ಕೆ ಇತ್ಸಂಜ್ಞೆ, ಅದಕ್ಕೆ ಲೋಪ. “ಯಾವ ಸೂತ್ರದಿಂದ?” ಉಳಿದ ಸಕಾರಕ್ಕೆ ರುತ್ವ, ಅವಸಾನದಲ್ಲಿ ವಿಸರ್ಗ. “ಯಾವುದರಿಂದ? ಯಾವುದರಿಂದ?” ಒಮ್ಮೆ ನಾನು ಅವಸರದಿಂದ ನಡುವಿನ ಎರಡು ಹಂತಗಳನ್ನು ನುಂಗಿ ‘ರಾಮಃ’ ಎಂದು ಮುಗಿಸಿದಾಗ ಅವರು ನಕ್ಕು, “ರಾಮಃ ಎಂಬುದು ಸಂತೆಯಲ್ಲಿ ನಿಂತವನಿಗೂ ಗೊತ್ತು, ನೀನು ಇಲ್ಲಿಗೆ ಬಂದದ್ದು ಅದನ್ನು ಹೇಳುವುದಕ್ಕೆ ಅಲ್ಲ” ಎಂದು ಮೊದಲಿನಿಂದ ಹೇಳಿಸಿದರು. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ಹಂತಹಂತವಾಗಿ ಬಿಡಿಸುವುದೇ ವ್ಯಾಕರಣದ ಪ್ರಕ್ರಿಯೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅದೇ ಶಿಸ್ತಿನಿಂದ ಬಿಡಿಸುವುದು ಬೀಜಗಣಿತ. ಎರಡೂ ಒಂದೇ ಮನೆಯ ಮಕ್ಕಳು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಹೇಳಬೇಕು. ಇಪ್ಪತ್ತು ವರ್ಷಗಳಿಗೂ ಹಿಂದೆ, ಬೇರೊಂದು ಊರಿನಲ್ಲಿ, ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಷಟ್ಪದಿಯನ್ನು ಅವನಂತೆ ಓದಿದವರನ್ನು ನಾನು ಮತ್ತೆ ಕಂಡಿಲ್ಲ; ಗಣ ವಿಭಾಗ ಮಾಡುವಾಗ ಪೆನ್ಸಿಲು ಕೂಡ ಬೇಕಾಗುತ್ತಿರಲಿಲ್ಲ. ಅವನು ಗಣಿತದಲ್ಲಿ ಎರಡು ಬಾರಿ ಅನುತ್ತೀರ್ಣನಾಗಿ ಓದು ಬಿಟ್ಟ. ಲಘು-ಗುರುಗಳ ಮಾತ್ರೆಗಳನ್ನು ಎಣಿಸಿ ಪಾದವನ್ನು ಒಡೆಯಬಲ್ಲವನಿಗೆ ಸಮೀಕರಣ ಏಕೆ ಒಲಿಯಲಿಲ್ಲವೆಂದು ನಾನು ಕೇಳಲಿಲ್ಲ. ‘ಅದು ನನ್ನ ವಿಷಯವಲ್ಲ’ ಎಂದುಕೊಂಡೆ. ಮೇಲಾಗಿ ನಾನೂ ಅದೇ ದಾರಿಯಲ್ಲಿದ್ದೆ. ‘ಮಹೇಶ್ವರ: ಗುಣಸಂಧಿ’ ಎಂದು ಬರೆದರೆ ಪೂರ್ಣ ಅಂಕ ಕೊಡುತ್ತಿದ್ದೆ. ಆಕಾರದ ಮುಂದೆ ಈಕಾರ ಬಂದು ಎರಡರ ಸ್ಥಾನದಲ್ಲಿ ಏಕಾರ ಬಂದಿತೆಂದು ಹೇಳಿಸುತ್ತಿರಲಿಲ್ಲ. ಕಾರಣ ಕೇಳದೆ ಅಂಕ ಕೊಟ್ಟ ಪಾಪದಲ್ಲಿ ಭಾಷಾಧ್ಯಾಪಕರ ಪಾಲು ಗಣಿತಾಧ್ಯಾಪಕರದಕ್ಕಿಂತ ಕಡಿಮೆಯಲ್ಲ. ಆ ಹುಡುಗ ಈಗ ಟ್ರ್ಯಾಕ್ಟರು ನಡೆಸುತ್ತಾನೆ. ಅದು ಹೀನ ವೃತ್ತಿಯೆಂದು ನಾನು ಹೇಳುತ್ತಿಲ್ಲ. ಅವನು ಆರಿಸಿಕೊಂಡದ್ದಲ್ಲ ಎಂದು ಹೇಳುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಗಣಿತದಲ್ಲಿ ‘ಹಂತ’ವೆಂದರೆ ಒಂದರ ಕೆಳಗೊಂದು ಬರೆದ ಸಾಲಲ್ಲ. ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯಲು ಕೊಟ್ಟ ಕಾರಣವೇ ಹಂತ. ಕಾರಣವನ್ನು ತನ್ನ ಮಾತಿನಲ್ಲಿ ಹೇಳಲಾರದವನು ಹತ್ತು ಸಾಲು ಬರೆದರೂ ಒಂದು ಹಂತವನ್ನೂ ಬರೆದಂತಾಗಲಿಲ್ಲ. ಮಾತು ಎಂದ ಕೂಡಲೇ ಅದು ಭಾಷಾಧ್ಯಾಪಕನ ಹೊಣೆಯೂ ಆಯಿತು.

ಒಂದು ದೊಡ್ಡ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. 1114ರಲ್ಲಿ ಜನಿಸಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದ ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ದುಂಬಿಗಳ ಲೆಕ್ಕವೊಂದು ಪ್ರಸಿದ್ಧವಾಗಿದೆ. (ಅವನು ನಮ್ಮ ವಿಜಾಪುರದವನೋ ಖಾನದೇಶದ ಕಡೆಯವನೋ ಎಂಬ ವಿವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.) ದುಂಬಿಗಳ ಒಂದು ಹಿಂಡು. ಅದರ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿಗೆ ಹೋದವು. ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲು ಕೂಡ ಹೋದವು. ಉಳಿದುದು ಒಂದು ಜೋಡಿ: ರಾತ್ರಿ ಕಮಲದೊಳಗೆ ಸೆರೆಯಾದ ಗಂಡು, ಹೊರಗೆ ಸುತ್ತುತ್ತಿರುವ ಹೆಣ್ಣು. ಒಟ್ಟು ಎಷ್ಟು?

ಹಿಂಡನ್ನು ‘ಯಾ’ ಎಂದುಕೊಂಡರೆ ವರ್ಗಮೂಲದ ಗಂಟು ಬೀಳುತ್ತದೆ. ಆದುದರಿಂದ ಜಾಣನಾದವನು ಹಿಂಡನ್ನು 2ಯಾ² ಎಂದು ಕಲ್ಪಿಸುತ್ತಾನೆ. ಏಕೆ? ಅರ್ಧ ಯಾ² ಆಗಿ, ಅದರ ಮೂಲ ಯಾ ಎಂದು ಸಲೀಸಾಗಿ ಬರಲೆಂದು. ಇದು ಮೊದಲ ಹಂತ. ಲೆಕ್ಕದ ಅರ್ಧ ಬುದ್ಧಿ ಇಲ್ಲಿಯೇ ಮುಗಿಯಿತು; ಆದರೆ ಉತ್ತರಪತ್ರಿಕೆಗಳಲ್ಲಿ ಇದಕ್ಕೆ ಸಿಗುವುದು ಕಾಲು ಸಾಲಿನ ಜಾಗ. ಮುಂದೆ,

2ಯಾ² = ಯಾ + (16/9)ಯಾ² + 2

ಭಿನ್ನರಾಶಿ ಹೋಗಲೆಂದು ಎಲ್ಲವನ್ನೂ 9ರಿಂದ ಗುಣಿಸಿ, ಸಮಶೋಧನ ಮಾಡಿದರೆ,

2ಯಾ² − 9ಯಾ = 18

ಇಲ್ಲಿ ಶ್ರೀಧರಾಚಾರ್ಯನ ನಿಯಮ ಬರುತ್ತದೆ. ಅವನ ಬೀಜಗಣಿತ ಗ್ರಂಥ ನಮಗೆ ಉಳಿದಿಲ್ಲ. ಭಾಸ್ಕರನು ಉದ್ಧರಿಸಿದ್ದರಿಂದ ಈ ನಿಯಮ ಉಳಿಯಿತು. ವರ್ಗದ ಗುಣಾಂಕದ ನಾಲ್ಕರಷ್ಟರಿಂದ ಎರಡೂ ಪಕ್ಷಗಳನ್ನು ಗುಣಿಸು, ಮಧ್ಯಪದದ ಮೊದಲಿನ ಗುಣಾಂಕದ ವರ್ಗವನ್ನು ಎರಡಕ್ಕೂ ಕೂಡು, ಬಳಿಕ ಮೂಲವನ್ನು ತೆಗೆ. 8ರಿಂದ ಗುಣಿಸಿ 81 ಕೂಡಿದಾಗ,

16ಯಾ² − 72ಯಾ + 81 = 225

ಎಡಪಕ್ಷ (4ಯಾ − 9)ರ ವರ್ಗ, ಬಲಪಕ್ಷ 15ರ ವರ್ಗ. ಎಂಟರಿಂದಲೇ ಏಕೆ? ಬರಿಯ 2ರಿಂದ ಗುಣಿಸಿದ್ದರೂ 4ಯಾ² ಎಂಬ ವರ್ಗ ಬರುತ್ತಿತ್ತು. ಆದರೆ ಆಗ ಒಂಬತ್ತರ ಅರ್ಧವನ್ನು ವರ್ಗಿಸಬೇಕಾಗಿ ಭಿನ್ನರಾಶಿ ಮತ್ತೆ ತಲೆಯೆತ್ತುತ್ತಿತ್ತು. ಆ ‘ನಾಲ್ಕರಷ್ಟು’ ಎಂಬ ಒಂದು ಮಾತಿನಿಂದ ಶ್ರೀಧರನು ಮುಂದಿನ ಸಾವಿರ ವರ್ಷಗಳ ಮಕ್ಕಳಿಗೆ ಭಿನ್ನರಾಶಿಯ ಕಾಟವನ್ನು ತಪ್ಪಿಸಿದ. ಇಂದಿನ ಮಕ್ಕಳು ಬಾಯಿಪಾಠ ಮಾಡುವ ವರ್ಗ ಸಮೀಕರಣದ ಸೂತ್ರ ಇದೇ ನಡೆಯನ್ನು ಒಟ್ಟುಗೂಡಿಸಿದ್ದು. ಸೂತ್ರ ಮರೆತ ವಿದ್ಯಾರ್ಥಿ ಪರೀಕ್ಷೆಯಲ್ಲಿ ಕೈಕಟ್ಟಿ ಕೂರುತ್ತಾನೆ. ನಡೆ ತಿಳಿದವನು ಎರಡು ನಿಮಿಷದಲ್ಲಿ ಸೂತ್ರವನ್ನೇ ಹುಟ್ಟಿಸಿಕೊಳ್ಳುತ್ತಾನೆ.

4ಯಾ − 9 = 15 ಆದರೆ ಯಾ 6, ಹಿಂಡು 72. 4ಯಾ − 9 = −15 ಆಗಲೂಬಹುದಲ್ಲವೆ? ಆಗ ಯಾ −3/2, ಹಿಂಡು ನಾಲ್ಕೂವರೆ ದುಂಬಿ! ಹೆಚ್ಚಿನ ಮಕ್ಕಳು ಇದನ್ನು ಬರೆಯುವುದೇ ಇಲ್ಲ, ಅಥವಾ ‘ಋಣ ಬೆಲೆಯನ್ನು ಬಿಟ್ಟುಬಿಡಬೇಕು’ ಎಂದು ಗುಣಗುಣಿಸಿ ಬಿಡುತ್ತಾರೆ. ಬಿಡಬೇಕಾದುದು ಋಣವೆಂಬ ದೋಷಕ್ಕಲ್ಲ. ಯಾ ಎಂಬುದು ಇಲ್ಲಿ ಮಾಲತಿಗೆ ಹೋದ ದುಂಬಿಗಳ ಎಣಿಕೆ, ಎಣಿಕೆ ಋಣವಾಗಲಾರದು, ಅದಕ್ಕೆ.

ಈ ವಿಚಾರವನ್ನು ಭಾಸ್ಕರನೇ ತನ್ನ ‘ಬೀಜಗಣಿತ’ದಲ್ಲಿ ಕಪಿಗಳ ಎರಡು ಲೆಕ್ಕಗಳಿಂದ ತೋರಿಸಿದ್ದಾನೆ. ಒಂದರಲ್ಲಿ, ಹಿಂಡಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ಕಾಡಿನಲ್ಲಿವೆ, ಹನ್ನೆರಡು ಬೆಟ್ಟದ ಮೇಲಿವೆ. ಉತ್ತರ 48, ಅಥವಾ 16. ತಾಳೆ ನೋಡಿದರೆ ಎರಡೂ ಸರಿ, ಎರಡನ್ನೂ ಒಪ್ಪುತ್ತಾನೆ. ಇನ್ನೊಂದರಲ್ಲಿ, ಹಿಂಡಿನ ಐದನೆಯ ಒಂದು ಪಾಲಿನಲ್ಲಿ ಮೂರನ್ನು ಕಳೆದು ವರ್ಗಿಸಿದಷ್ಟು ಕಪಿಗಳು ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಕಾಣಿಸಿತು. ಉತ್ತರ 50 ಅಥವಾ 5. ಐದನ್ನು ಸಮೀಕರಣದಲ್ಲಿ ಇಟ್ಟು ನೋಡಿದರೆ ಅದೂ ಹೊಂದುತ್ತದೆ. ಆದರೂ ಭಾಸ್ಕರನು ಅದನ್ನು ತಳ್ಳುತ್ತಾನೆ. ಐದರ ಐದನೆಯ ಪಾಲಾದ ಒಂದರಿಂದ ಮೂರು ಕಪಿಗಳನ್ನು ಕಳೆಯುವುದು ಹೇಗೆ? ಲೋಕ ಅದನ್ನು ಒಪ್ಪದು. ಇಲ್ಲಿ ಗಮನಿಸಬೇಕಾದ ಅಂಶವಿದೆ. ಎರಡು ಲೆಕ್ಕಗಳಲ್ಲಿಯೂ ಸಮೀಕರಣ ಎರಡೆರಡು ಉತ್ತರಗಳನ್ನು ಕೊಟ್ಟಿತು. ಒಂದರಲ್ಲಿ ಎರಡನ್ನೂ ಇಟ್ಟುಕೊಂಡು, ಇನ್ನೊಂದರಲ್ಲಿ ಒಂದನ್ನು ಬಿಟ್ಟದ್ದು ಸಂಕೇತಗಳ ಬಲದಿಂದಲ್ಲ, ವಾಕ್ಯಾರ್ಥದ ಬಲದಿಂದ. ಕೊನೆಯ ಹಂತ ಅರ್ಥನಿರ್ಣಯದ್ದು. ಅದನ್ನು ನಾವು ಕನ್ನಡದ ಗಂಟೆಯಲ್ಲಿ ಕಲಿಸುತ್ತೇವೆಂದು ಹೇಳಿಕೊಳ್ಳುತ್ತೇವೆ.

ತ್ರಿಕೋನಮಿತಿಗೆ ಬಂದರೆ ಮಾತಿನ ತೊಡಕು ಇನ್ನೂ ಹೆಚ್ಚು. ‘ಸೈನ್’ ಎಂಬ ಪದವೇ ಒಂದು ತಪ್ಪು ಓದಿನ ಫಲ. ಬಿಲ್ಲಿನ ಹೆದೆಗೆ ‘ಜ್ಯಾ’ ಅಥವಾ ‘ಜೀವಾ’ ಎಂದು ನಮ್ಮವರು ಹೆಸರಿಟ್ಟರು. ಗಣಿತದಲ್ಲಿ ಅರ್ಧಜ್ಯೆಗೂ ಅದೇ ಹೆಸರು ನಿಂತಿತು. ಅರಬ್ಬರು ಅದನ್ನು ‘ಜೀಬ’ ಎಂದು ಬರೆದುಕೊಂಡರು. ಅವರ ಬರವಣಿಗೆಯಲ್ಲಿ ಸ್ವರಗಳನ್ನು ಬಿಡುವ ರೂಢಿಯಿರುವುದರಿಂದ ಮುಂದಿನವರು ಅದನ್ನು ‘ಜೈಬ್’ ಎಂದು ಓದಿ, ಮಡಿಲು ಅಥವಾ ಉಡುಪಿನ ಮಡಿಕೆ ಎಂಬ ಅರ್ಥ ಹಚ್ಚಿದರು. ಲ್ಯಾಟಿನ್ ಭಾಷೆಗೆ ತಂದವರು ಆ ಅರ್ಥದ ‘ಸೈನಸ್’ ಎಂಬ ಪದವನ್ನು ಇಟ್ಟರು. ಹೀಗೆ ಬಿಲ್ಲಿನ ಹೆದೆ ಮಡಿಲಾಗಿ ನಮ್ಮ ಮಕ್ಕಳ ಬಳಿಗೆ ಮರಳಿ ಬಂದಿದೆ. ಮಕ್ಕಳಿಗಾದರೋ ಅದು ಹೆದೆಯೂ ಅಲ್ಲ, ಮಡಿಲೂ ಅಲ್ಲ, ಬರಿಯ ಮೂರು ಇಂಗ್ಲಿಷ್ ಅಕ್ಷರಗಳು. ಆದುದರಿಂದಲೇ ಅಂಶದಲ್ಲಿ ‘ಸೈನ್ 60’, ಛೇದದಲ್ಲಿ ‘ಸೈನ್ 30’ ಇದ್ದರೆ ಎರಡು ‘ಸೈನ್’ಗಳನ್ನೂ ಹೊಡೆದು ಹಾಕಿ ಉತ್ತರ 2 ಎಂದು ಬರೆಯುವ ಮಕ್ಕಳಿದ್ದಾರೆ. ಸೈನ್ ಎಂಬುದು ಪದವಲ್ಲ, ಪ್ರತ್ಯಯದಂತಹುದು. ಕೋನದೊಡನೆ ಸೇರಿದಾಗಲೇ ಅದಕ್ಕೆ ಬೆಲೆ. ‘ಮರದಿಂದ’, ‘ಊರಿಂದ’ ಎಂಬ ಎರಡರಿಂದ ‘ಇಂದ’ವನ್ನು ಹೊಡೆದು ಮರಕ್ಕೂ ಊರಿಗೂ ಲೆಕ್ಕ ಹಾಕುವವರುಂಟೆ? ಸೈನ್ 30 ಅರ್ಧ. ಎರಡು ಅರ್ಧ ಸೇರಿ ಒಂದು. ಸೈನ್ 60 ಮಾತ್ರ ಸುಮಾರು 0.866. ಪ್ರತ್ಯಯವನ್ನು ಗುಣಾಂಕವೆಂದು ಭ್ರಮಿಸಿದವನಿಗೆ ಈ ವ್ಯತ್ಯಾಸ ಎಂದಿಗೂ ಬಿಡಿಸದ ಒಗಟು.

ಇದಕ್ಕಿಂತ ದೊಡ್ಡ ಹಾವಳಿ ‘ಕ್ಯಾನ್ಸಲ್’ ಎಂಬ ಮಾತಿನದು. +7, −7 ಎದುರಾದರೆ ‘ಕ್ಯಾನ್ಸಲ್’. ಅಂಶ-ಛೇದಗಳೆರಡರಲ್ಲಿಯೂ 3 ಇದ್ದರೆ ಅದೂ ‘ಕ್ಯಾನ್ಸಲ್’. ಮೊದಲನೆಯದರಲ್ಲಿ ಉಳಿಯುವುದು ಸೊನ್ನೆ, ಎರಡನೆಯದರಲ್ಲಿ ಉಳಿಯುವುದು ಒಂದು. ಎರಡು ಬೇರೆ ಕ್ರಿಯೆಗಳಿಗೆ ಒಂದೇ ಕ್ರಿಯಾಪದವನ್ನು ಕೊಟ್ಟು, ಬಳಿಕ ಮಕ್ಕಳು ಒಂದಿರಬೇಕಾದಲ್ಲಿ ಸೊನ್ನೆ ಬರೆದರೆಂದು ಸಿಟ್ಟಾಗುತ್ತೇವೆ. ‘ಕಳೆದು ಸೊನ್ನೆಯಾಯಿತು’, ‘ಭಾಗಿಸಿ ಒಂದಾಯಿತು’ ಎಂದು ಎರಡು ಮಾತುಗಳನ್ನು ಬಾಯಿಂದ ಆಡಿಸಿದರೆ ಸಾಕು. ಕಳೆದ ಜನವರಿಯಿಂದ ನಿಲಯದ ಮಕ್ಕಳಿಗೆ ಇದನ್ನೇ ಅಭ್ಯಾಸ ಮಾಡಿಸಿದ್ದೇನೆ, ಫಲವಿದೆ.

ಎತ್ತರ-ದೂರಗಳ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಬಹುಮಟ್ಟಿಗೆ ವಿಭಕ್ತಿಯ ಹೊಸ್ತಿಲಲ್ಲಿ. ಗೋಪುರದ ತುದಿ ಒಂದು ಬಿಂದುವಿನಿಂದ 30 ಡಿಗ್ರಿ ಉನ್ನತ ಕೋನದಲ್ಲಿ ಕಾಣುತ್ತದೆ, ಗೋಪುರದ ಕಡೆಗೆ 40 ಮೀಟರು ನಡೆದು ನೋಡಿದರೆ 60 ಡಿಗ್ರಿ, ಎತ್ತರವೆಷ್ಟು? ‘ಗೋಪುರದ ಕಡೆಗೆ 40 ಮೀಟರು’ ಎಂಬುದನ್ನು ‘ಗೋಪುರದಿಂದ 40 ಮೀಟರು’ ಎಂದು ಓದಿಕೊಂಡವನ ಚಿತ್ರವೇ ಬೇರೆಯಾಗುತ್ತದೆ. ಆ ಬಳಿಕ ಅವನು ಮಾಡುವ ಗಣಿತವೆಲ್ಲ ಶುದ್ಧವಾಗಿದ್ದರೂ ವ್ಯರ್ಥ. ಸರಿಯಾಗಿ ಓದಿದವನು ಉಳಿದ ದೂರವನ್ನು ಯಾ ಎಂದಿಟ್ಟು, ಎತ್ತರ √3 ಯಾ ಎಂದೂ, ಅದೇ ಎತ್ತರ (ಯಾ + 40)/√3 ಎಂದೂ ಎರಡು ಬಗೆಯಲ್ಲಿ ಹೇಳಿ, 3ಯಾ = ಯಾ + 40, ಯಾ = 20, ಎತ್ತರ 20√3, ಅಂದರೆ ಸುಮಾರು 34.64 ಮೀಟರು ಎಂದು ಮುಗಿಸುತ್ತಾನೆ. ಇನ್ನೊಬ್ಬಳು ಚಿತ್ರವನ್ನೇ ನೋಡುತ್ತ, ಎರಡು ದೃಷ್ಟಿರೇಖೆಗಳ ನಡುವಿನ ಕೋನ 60ರಲ್ಲಿ 30 ಕಳೆದು 30; ಆದುದರಿಂದ ಆ ತ್ರಿಭುಜದ ಎರಡು ಬಾಹುಗಳು ಸಮ; ಎರಡನೆಯ ದೃಷ್ಟಿರೇಖೆಯ ಉದ್ದವೂ 40; ಎತ್ತರ 40 × ಸೈನ್ 60 ಎಂದು ಮೂರು ಸಾಲಿನಲ್ಲಿ ಮುಗಿಸಬಹುದು. ಸಾಲು ಕಡಿಮೆ, ಕಾರಣ ಹೆಚ್ಚು. ‘ಹಂತಗಳಿಲ್ಲ’ವೆಂದು ಇವಳ ಅಂಕ ಕತ್ತರಿಸಿದವರನ್ನು ನಾನು ಬಲ್ಲೆ. ಮಾದರಿ ಉತ್ತರದ ಹಾಳೆಯಲ್ಲಿರುವ ದಾರಿಯೊಂದೇ ದಾರಿಯೆಂದು ನಂಬಿದ ಪರೀಕ್ಷಕರು ಕಾರಣವಿಲ್ಲದ ಏಳು ಸಾಲಿಗೆ ಪೂರ್ಣಾಂಕ ಕೊಟ್ಟು, ಕಾರಣವಿರುವ ಮೂರು ಸಾಲಿಗೆ ಕೆಂಪು ಗೆರೆ ಎಳೆಯುತ್ತಾರೆ.

ನಿತ್ಯಸಮೀಕರಣಗಳನ್ನು ಸಾಧಿಸುವಾಗ ಮೊದಲ ಸಾಲಿನಲ್ಲಿಯೇ ಎಡ-ಬಲಗಳನ್ನು ಸಮವೆಂದು ಬರೆದು ಎರಡೂ ಕಡೆ ಕೆಲಸ ಮಾಡುತ್ತ ಹೋಗುವ ಅಭ್ಯಾಸದ ಬಗೆಗೂ ಒಂದು ಮಾತು. ಸಾಧಿಸಬೇಕಾದುದನ್ನೇ ಸಾಧನವಾಗಿ ಹಿಡಿಯುವ ಈ ದೋಷಕ್ಕೆ ನ್ಯಾಯಶಾಸ್ತ್ರದಲ್ಲಿ ‘ಸಾಧ್ಯಸಮ’ವೆಂಬ ಹೆಸರಿದೆ. ತರ್ಕ ಓದಿದ ಹಳೆಯ ವಿದ್ವಾಂಸರು ಇದನ್ನು ಕಂಡಿದ್ದರೆ ಮೊದಲ ಸಾಲಿನಲ್ಲಿಯೇ ಪುಸ್ತಕ ಮುಚ್ಚುತ್ತಿದ್ದರು.

ಗಣಿತಾಧ್ಯಾಪಕ ಮಿತ್ರರ ಆಕ್ಷೇಪ ನನಗೆ ಗೊತ್ತು. ‘ಪಂಡಿತರೆ, ಮಾತನ್ನು ಉಳಿಸುವುದಕ್ಕಾಗಿಯೇ ಸಂಕೇತಗಳು ಹುಟ್ಟಿದವು, ನೀವು ಮತ್ತೆ ಮಾತನ್ನು ತಂದು ತುಂಬುತ್ತೀರಿ. ಪಠ್ಯ ಮುಗಿಸಲು ದಿನಗಳೇ ಸಾಲವು.’ ಮೊದಲ ಭಾಗ ನಿಜ. ಸಂಕೇತದ ಬಲ ದೊಡ್ಡದು. ದುಂಬಿಯ ಲೆಕ್ಕವನ್ನು ಪೂರ್ತಿ ವಾಕ್ಯಗಳಲ್ಲಿ ಬಿಡಿಸು ಎಂದರೆ ನಾನೂ ಸೋಲುತ್ತೇನೆ. ನಮ್ಮ ಪ್ರಾಚೀನ ಪದ್ಯಗಳಲ್ಲಿಯೂ ಇದೇ ಕಥೆ: ಸೂತ್ರ ಚಿಕ್ಕದು, ಕಾರಣ ಅದರಲ್ಲಿಲ್ಲ. ಆದರೆ ಅಲ್ಲಿ ವ್ಯಾಖ್ಯಾನಕಾರರಿದ್ದರು. 1545ರ ಸುಮಾರಿಗೆ ಗಣೇಶ ದೈವಜ್ಞನು ‘ಲೀಲಾವತಿ’ಗೆ ಬರೆದ ‘ಬುದ್ಧಿವಿಲಾಸಿನಿ’ಯಲ್ಲಿ ನಿಯಮಗಳಿಗೆ ಉಪಪತ್ತಿಗಳನ್ನು ಕೊಟ್ಟ. ಕೇರಳದ ಜ್ಯೇಷ್ಠದೇವನು ಅದೇ 16ನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಎಂಬ ಗ್ರಂಥವನ್ನು ಬರೆದು, ಜ್ಯಾ ಶ್ರೇಢಿಯಂತಹ ಕಠಿನ ವಿಷಯಕ್ಕೂ ಯುಕ್ತಿಯನ್ನು ಹಂತಹಂತವಾಗಿ ವಿವರಿಸಿದ. ಬರೆದದ್ದು ಸಂಸ್ಕೃತದಲ್ಲಿ ಅಲ್ಲ, ಮಲಯಾಳದಲ್ಲಿ, ಗದ್ಯದಲ್ಲಿ. ನಮ್ಮಲ್ಲಿಯೂ 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದವನು. ಸೂತ್ರ ಯಾವ ಭಾಷೆಯಲ್ಲಿಯಾದರೂ ಇರಲಿ, ‘ಏಕೆ’ ಎಂಬುದಕ್ಕೆ ಉತ್ತರ ಮನೆಮಾತಿನಲ್ಲಿ ಇಳಿಯಬೇಕು. ನಮ್ಮ ಮಕ್ಕಳು ಹತ್ತನೆಯ ತರಗತಿ ಮುಗಿಸಿ ವಿಜ್ಞಾನಕ್ಕೆ ಹೋದ ಕೂಡಲೇ ಪಾಠ ಇಂಗ್ಲಿಷಿಗೆ ತಿರುಗುತ್ತದೆ. ಕಾರಣವನ್ನು ಕನ್ನಡದಲ್ಲಿ ತಿಳಿದು ಹೋದವನು ಅಲ್ಲಿ ಕಳೆದುಕೊಳ್ಳುವುದು ಹೆಸರುಗಳನ್ನು ಮಾತ್ರ. ಅವನ್ನು ಒಂದೆರಡು ತಿಂಗಳಲ್ಲಿ ಕಲಿತುಕೊಳ್ಳುತ್ತಾನೆ. ಸಾಲುಗಳನ್ನು ಬಾಯಿಪಾಠ ಮಾಡಿ ಹೋದವನಿಗೆ ಉಳಿಯುವುದು ಏನೂ ಇಲ್ಲ. ಮೊದಲ ವರ್ಷವೇ ಊರಿಗೆ ಮರಳುವವರು ಅವರಲ್ಲಿ ಹೆಚ್ಚು. ದಿನಗಳು ಸಾಲವೆಂಬ ಆಕ್ಷೇಪದ ಎರಡನೆಯ ಭಾಗಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಕನ್ನಡದ ಗಂಟೆಗಳಲ್ಲಿ ವಾರಕ್ಕೆ ಒಂದನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ, ಇಷ್ಟೇ.

ಈಚೆಗೆ ಹೊಸದೊಂದು ಬಂದಿದೆ. ಲೆಕ್ಕದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದರೆ ಹಂತಹಂತವಾದ ಉತ್ತರ ಪರದೆಯ ಮೇಲೆ ಮೂಡುತ್ತದೆ. ಊರಿನಿಂದ ಬಂದಿದ್ದ ಹುಡುಗನೊಬ್ಬ ನನಗೆ ತೋರಿಸಿದ. ಸಾಲುಗಳು ಅಚ್ಚುಕಟ್ಟಾಗಿದ್ದವು, ಪಕ್ಕದಲ್ಲಿ ಕಾರಣಗಳೂ ಇದ್ದವು. ಯಂತ್ರವನ್ನು ಹಳಿಯಲು ನನಗೆ ಮನಸ್ಸಾಗಲಿಲ್ಲ. ನಾಲ್ಕನೆಯ ಸಾಲನ್ನು ಬೆರಳಿನಿಂದ ಮುಚ್ಚಿ, “ಇಲ್ಲಿ ಏನಿತ್ತು?” ಎಂದು ಕೇಳಿದೆ. ಒಂದು ನಿಮಿಷದ ಹಿಂದೆ ಓದಿದ ಸಾಲು, ಅವನಿಗೆ ಹೇಳಲಾಗಲಿಲ್ಲ. ಮಾರುಕಟ್ಟೆಯ ಗೈಡುಗಳ ಕಾಲದಲ್ಲಿಯೂ ಇದೇ ಆಗುತ್ತಿತ್ತು. ಆಗ ನಕಲು ಮಾಡಲು ಕೈಯಾದರೂ ನೋಯುತ್ತಿತ್ತು.

ಸಂಸ್ಥೆಯ ಪೋಷಕರಲ್ಲಿಯೂ ದಾನಿಗಳಲ್ಲಿಯೂ ಒಂದು ಅರಿಕೆಯುಂಟು. ಪ್ರತಿವರ್ಷ ತಾವು ಉದಾರವಾಗಿ ಕೊಡಿಸುವ ಪ್ರಶ್ನೋತ್ತರ ಮಾಲಿಕೆಗಳನ್ನು ಈ ಸಲ ನಿಲ್ಲಿಸಿ, ಅದೇ ಹಣದಲ್ಲಿ ನಿಲಯದ ಅಭ್ಯಾಸದ ಕೋಣೆಯ ಮೂರು ಗೋಡೆಗಳಿಗೆ ಕಪ್ಪುಹಲಗೆಗಳನ್ನು ಹಾಕಿಸಿಕೊಡಬೇಕು. ಗೆರೆಯಿಲ್ಲದ ದಪ್ಪ ನೋಟ್‌ಬುಕ್ಕುಗಳನ್ನು ಕೊಡಿಸಬೇಕು. ಕಾಗದ ಉಳಿಸಬೇಕೆಂಬ ಭಯದಿಂದಲೇ ಬಡ ಮಕ್ಕಳು ಎರಡು ಹಂತಗಳನ್ನು ಒಂದು ಸಾಲಿನಲ್ಲಿ ತುರುಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳೂ ಬ್ಯಾಂಕಿನವರೂ ಲೆಕ್ಕಪರಿಶೋಧಕರೂ ಇದ್ದೀರಿ. ಊರಿಗೆ ಬಂದಾಗ ಒಂದು ಸಂಜೆ ನಿಲಯಕ್ಕೆ ಬಂದು ಕುಳಿತುಕೊಳ್ಳಿ. ಲೆಕ್ಕವನ್ನು ನೀವು ಬಿಡಿಸಬೇಡಿ; ಮಕ್ಕಳು ಬಿಡಿಸುವಾಗ ಪ್ರತಿ ಸಾಲಿಗೂ ‘ಏಕೆ’ ಎಂದು ಕೇಳಿ, ಅವರು ಹೇಳುವವರೆಗೆ ಕಾಯಿರಿ. ಕಾಯುವುದೇ ಕಷ್ಟ, ನಾನು ಅನುಭವದಿಂದ ಹೇಳುತ್ತಿದ್ದೇನೆ.

ಜೂನ್ ತಿಂಗಳಿನಿಂದ ನನ್ನ ವ್ಯಾಕರಣದ ತರಗತಿಯ ನೋಟ್‌ಬುಕ್ಕುಗಳಲ್ಲಿ ಬಲಗಡೆಗೆ ಒಂದು ಗೆರೆ ಎಳೆಯಿಸಿ ‘ಕಾರಣ’ವೆಂದು ತಲೆಬರಹ ಬರೆಸುತ್ತೇನೆ. ಸಂಧಿ ಬಿಡಿಸಿದವರು ಅಲ್ಲಿ ಕಾರಣ ಬರೆಯದಿದ್ದರೆ ಅಂಕವಿಲ್ಲ. ಗಣಿತದ ಗುರುಗಳು ತಮ್ಮ ಹತ್ತನೆಯ ತರಗತಿಗೂ ಅದೇ ಗೆರೆಯನ್ನು ಎಳೆಯಿಸಲು ಒಪ್ಪಿದ್ದಾರೆ. ಶನಿವಾರದ ಮೊದಲ ಗಂಟೆಗೆ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲು ನನಗೆ ಅನುಮತಿಯನ್ನೂ ಕೊಟ್ಟಿದ್ದಾರೆ. ಮೊದಲ ಪಾಠ ಸಮಾಂತರ ಶ್ರೇಢಿಯದಂತೆ. ಅದರ ಮೊತ್ತದ ಸೂತ್ರದಲ್ಲಿ ಎರಡರಿಂದ ಏಕೆ ಭಾಗಿಸುತ್ತಾರೆಂಬುದು ಶಾಲೆಯ ದಿನಗಳಿಂದಲೂ ನನಗೆ ತಿಳಿದಿಲ್ಲ, ಕೇಳಬೇಕೆಂದಿದ್ದೇನೆ.